ನಿಯೋಜಿತ ದಹನಕ್ಕೆ ಸ್ಥಳದಲ್ಲೇ ಹವಾಮಾನ ಮುನ್ಸೂಚನೆ

ಕಾಡಿನ ನೆಲದಲ್ಲಿ ಕೂಡಿದ ತರಗು, ಒಣಹುಲ್ಲು, ಪೊದೆಗಳನ್ನು ಯೋಜನೆ ಹಾಕಿ ಸುಡುವುದು ನಿಯೋಜಿತ ದಹನ. ಸುಡುವ ಆ ಒಂದು ಗುಡ್ಡದ, ಆ ಒಂದು ದಿನದ ಹವೆಯನ್ನಷ್ಟೇ ಅಂದಾಜಿಸಿ ಹೇಳುವ ಸೇವೆ ಅಮೆರಿಕದಲ್ಲಿ ಬೆಳೆದದ್ದು ಸ್ವಾರಸ್ಯಕರ: ಅದನ್ನು ಮೊದಲು ಕಟ್ಟಿದ್ದು ಬೆಂಕಿ ಆರಿಸುವವರಿಗಾಗಿ.

1910ರ ಆಗಸ್ಟ್ 20–21ರಂದು ಬಿರುಗಾಳಿಗೆ ಸಿಕ್ಕ ಬೆಂಕಿ ಐಡಹೊ, ಮೊಂಟಾನಾ ಕಡೆಯ ಸುಮಾರು 30 ಲಕ್ಷ ಎಕರೆಯನ್ನು ಸುಟ್ಟಿತು. 1926ರಲ್ಲಿ ಅಮೆರಿಕದ ಸಂಸತ್ತು ಬೆಂಕಿ-ಹವೆಯ ಸೇವೆಗೆಂದೇ ಹಣ ಕೊಟ್ಟಿತು. 1928ರಿಂದ ಮುನ್ಸೂಚಕರು ಕಾಳ್ಗಿಚ್ಚಿನ ಸ್ಥಳಕ್ಕೇ ಹೋಗತೊಡಗಿದರು. ಬೇಕೆಂದೇ ಸುಡುವುದಕ್ಕೆ ಆಗ ಮನ್ನಣೆ ಇರಲಿಲ್ಲ. ಕಂಡ ಬೆಂಕಿ ಮರುದಿನ ಬೆಳಗ್ಗೆ 10ರೊಳಗೆ ಹತೋಟಿಗೆ ಬರಬೇಕೆಂಬುದು ಅರಣ್ಯ ಸೇವೆಯ 1935ರ ಕಟ್ಟಳೆ. ರಾಷ್ಟ್ರೀಯ ಉದ್ಯಾನ ಸೇವೆ 1968ರಲ್ಲಿ ನಿಲುವು ಬದಲಿಸಿತು, ಅರಣ್ಯ ಸೇವೆ ಹತ್ತು ಗಂಟೆಯ ಗಡುವನ್ನು 1978ರಲ್ಲಿ ಕೈಬಿಟ್ಟಿತು.

ಹೀಗೆ ಸುಡುವವರಿಗೂ ಮುನ್ಸೂಚನೆ ಬೇಕಾಯಿತು. ದಹನದ ಯೋಜನೆಯಲ್ಲಿ ಉಷ್ಣತೆ, ತೇವಾಂಶ, ಗಾಳಿಗೆ ಮೇಲ್ಮಿತಿಯ ಜೊತೆ ಕೆಳಮಿತಿಯೂ ಇರುತ್ತದೆ. ತೀರಾ ಒಣಗಿದ್ದರೆ ಬೆಂಕಿ ಗೆರೆ ದಾಟುತ್ತದೆ, ಹಸಿಯಿದ್ದರೆ ಹತ್ತುವುದೇ ಇಲ್ಲ, ಗಾಳಿ ಬಿದ್ದುಹೋದರೆ ಹೊಗೆ ಕಣಿವೆಯ ಊರಿಗಿಳಿದು ಕೂರುತ್ತದೆ. ಇಳಿಜಾರು ಬಿಸಿಯಾದಂತೆ ಹಗಲಲ್ಲಿ ಮೇಲೇರುವ ಗಾಳಿ ರಾತ್ರಿ ಕೆಳಮುಖವಾಗುತ್ತದೆ. ಇಡೀ ಜಿಲ್ಲೆಗೆ ಹೊರಡುವ ಮುನ್ಸೂಚನೆಯಲ್ಲಿ ಇದು ಕಾಣಿಸದು. ಅದಕ್ಕೇ ತಂಡದವರು ಜಾಗದ ಎತ್ತರ, ಇಳಿಜಾರಿನ ದಿಕ್ಕು, ತಾವೇ ಅಳೆದ ಹವೆ ತಿಳಿಸಿ 'ಸ್ಥಳ ಮುನ್ಸೂಚನೆ' ಕೇಳುತ್ತಾರೆ. ದೊಡ್ಡ ದಹನಗಳಿಗೆ ತಜ್ಞರೇ ಬರುವುದುಂಟು. ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕವನ್ನು ಗಿರ್ರನೆ ತಿರುಗಿಸಿ ತೇವಾಂಶ ಅಳೆಯುವುದು, ಬಲೂನು ಬಿಟ್ಟು ಮೇಲ್ಗಾಳಿ ನೋಡುವುದು ಹಳೆಯ ವಿದ್ಯೆ. ಉಪಗ್ರಹ ಚಿತ್ರ, ರೇಡಾರ್ ಮಾಹಿತಿ ಈಗ ಲ್ಯಾಪ್‌ಟಾಪಿಗೇ ಬರುತ್ತವೆ.

ಮುನ್ಸೂಚನೆ ಸರಿಯಿದ್ದೂ ಕೆಲಸಕ್ಕೆ ಬಾರದ್ದಕ್ಕೆ 1994ರ ಜುಲೈ 6 ಸಾಕ್ಷಿ: ಕೊಲರಾಡೊದ ಸೌತ್ ಕ್ಯಾನ್ಯನ್ ಕಾಳ್ಗಿಚ್ಚಿನಲ್ಲಿ ಬಿರುಗಾಳಿಯ ಎಚ್ಚರಿಕೆ ಗುಡ್ಡದ ಮೇಲಿದ್ದವರಿಗೆ ಮುಟ್ಟಲಿಲ್ಲ, 14 ಮಂದಿ ಸತ್ತರು. ನಿಯೋಜಿತ ದಹನವೇ ಕೈಮೀರಿದ್ದು ನ್ಯೂ ಮೆಕ್ಸಿಕೊದಲ್ಲಿ. 2000ದ ಮೇ 4ರಂದು ಬ್ಯಾಂಡಲಿಯರ್ ಸಂರಕ್ಷಿತ ತಾಣದಲ್ಲಿ ಹಚ್ಚಿದ ಬೆಂಕಿ ಗಾಳಿಗೆ ಹಾರಿ ಲಾಸ್ ಅಲಮೋಸ್‌ನ ಇನ್ನೂರಕ್ಕೂ ಹೆಚ್ಚು ಮನೆಗಳನ್ನು ನುಂಗಿತು. 2022ರ ಏಪ್ರಿಲ್ 6ರ ದಹನವೊಂದು ಇನ್ನೊಂದು ಬೆಂಕಿಯ ಜೊತೆ ಸೇರಿ ಸುಮಾರು 3.4 ಲಕ್ಷ ಎಕರೆಗೆ ಹಬ್ಬಿತು. ತಂಡ ತಿಳಿದುಕೊಂಡದ್ದಕ್ಕಿಂತ ನೆಲ ಹೆಚ್ಚು ಒಣಗಿತ್ತೆಂದು ಅರಣ್ಯ ಸೇವೆಯ ಪರಿಶೀಲನೆಯೇ ಒಪ್ಪಿತು; ದೇಶದ ಎಲ್ಲ ರಾಷ್ಟ್ರೀಯ ಅರಣ್ಯಗಳಲ್ಲಿ 90 ದಿನ ದಹನ ನಿಂತಿತು.