ರಗ್ಬಿ ಶಾಲೆಯ ಗುರುಪೀಠ: ಎರಡು ಉತ್ತರಾಧಿಕಾರಗಳು

ಸಂಸ್ಥೆಯನ್ನು ಕಟ್ಟುವದು ಒಂದು ಕೆಲಸ. ಕಟ್ಟಿದ ಸಂಸ್ಥೆಯನ್ನು ಮತ್ತೊಬ್ಬರ ಕೈಗೆ ಒಪ್ಪಿಸಿಹೋಗುವದು ಅದಕ್ಕಿಂತಲೂ ಕಠಿಣವಾದ ಕೆಲಸ. ಮಠಗಳ ಪರಂಪರೆಯನ್ನು ಬಲ್ಲ ಭಕ್ತರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಹಿರಿಯ ಶ್ರೀಗಳು ಲಿಂಗೈಕ್ಯರಾದ ದಿನ ಮಠದ ಅಂಗಳದಲ್ಲಿ ನೆರೆದ ಜನರ ಮನಸ್ಸಿನಲ್ಲಿ ದುಃಖದ ಬೆನ್ನಿಗೇ ಏಳುವ ಪ್ರಶ್ನೆಯು ‘ಇನ್ನು ಮುಂದೆ ಹೇಗೆ?’ ಎಂಬುದೇ. ದಾಸೋಹವು ನಡೆದೀತೆ? ಪ್ರಸಾದನಿಲಯದ ಹುಡುಗರ ಗತಿಯೇನು? ಇಂಥ ಪ್ರಶ್ನೆಯೇ ದೂರದ ಇಂಗ್ಲಂಡಿನ ಒಂದು ವಸತಿಶಾಲೆಯಲ್ಲಿ 1842ನೆಯ ಇಸವಿಯ ಜೂನ್ ತಿಂಗಳಲ್ಲಿ ಎದ್ದಿತು. ಅದಕ್ಕೆ ಆಗ ದೊರೆತ ಉತ್ತರವೂ, ಇಪ್ಪತ್ತೇಳು ವರ್ಷಗಳ ತರುವಾಯ ಅದೇ ಪ್ರಶ್ನೆಗೆ ಅದೇ ಶಾಲೆಯಲ್ಲಿ ದೊರೆತ ಬೇರೊಂದು ಉತ್ತರವೂ ವಿದ್ಯಾದಾನವನ್ನು ಕೈಕೊಂಡ ಎಲ್ಲ ಸಂಸ್ಥೆಗಳವರು ಮನನ ಮಾಡತಕ್ಕವುಗಳಾಗಿವೆ.

ವಾರಿಕ್‌ಶೈರ್ ಪ್ರಾಂತದ ರಗ್ಬಿ ಎಂಬ ಊರಿನ ಈ ಶಾಲೆಯನ್ನು ಸ್ಥಾಪಿಸಿದವನು ಅರಸನಲ್ಲ, ಪಾದ್ರಿಯೂ ಅಲ್ಲ. ಲಾರೆನ್ಸ್ ಶೆರಿಫ್ ಎಂಬ ಲಂಡನ್ನಿನ ಕಿರಾಣಿ ವ್ಯಾಪಾರಿಯು 1567ರಲ್ಲಿ ತನ್ನ ಆಸ್ತಿಯ ಒಂದು ಭಾಗವನ್ನು ಇದಕ್ಕಾಗಿ ಬಿಟ್ಟುಕೊಟ್ಟನು. ರಗ್ಬಿ ಮತ್ತು ನೆರೆಯ ಬ್ರೌನ್ಸೋವರ್ ಗ್ರಾಮದ ಹುಡುಗರಿಗೆ ಉಚಿತವಾಗಿ ವಿದ್ಯೆ ದೊರೆಯಬೇಕೆಂಬುದೇ ಅವನ ಸಂಕಲ್ಪವಾಗಿತ್ತು. ಅವನು ಬಿಟ್ಟಿದ್ದ ಹೊಲವು ಲಂಡನ್ನಿನ ಬಳಿಯಲ್ಲಿತ್ತು. ನಗರವು ಬೆಳೆದಂತೆ ಆ ಹೊಲದ ಬೆಲೆಯೂ ಬೆಳೆಯಿತು. ಶಾಲೆಗೆ ಸಂಪತ್ತು ಬಂದಿತು. ದೂರದೂರದ ಸಿರಿವಂತರು ತಮ್ಮ ಮಕ್ಕಳನ್ನು ಅಲ್ಲಿ ವಾಸಕ್ಕಿಡತೊಡಗಿದರು. ಹೀಗೆ ಊರ ಶಾಲೆಯು ವಸತಿಶಾಲೆಯಾಯಿತು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ದೇಶದ ಇಂಥ ಶಾಲೆಗಳ ಒಳಸ್ಥಿತಿಯು ಹೊಗಳುವಂತಿರಲಿಲ್ಲ. ಪಾಠದ ಹೊತ್ತಿನಲ್ಲಿ ಬೆತ್ತದ ಆಳಿಕೆ. ಉಳಿದ ಹೊತ್ತಿನಲ್ಲಿ ದೊಡ್ಡ ಹುಡುಗರು ಚಿಕ್ಕವರ ಮೇಲೆ ನಡೆಸುವ ದಬ್ಬಾಳಿಕೆ. ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ತರಗತಿಯ ಹೊರಗೆ ಸಂಬಂಧವೇ ವಿರಳವಾಗಿತ್ತು.

1827ರ ಕೊನೆಯಲ್ಲಿ ಶಾಲೆಯ ಟ್ರಸ್ಟಿಗಳು ಥಾಮಸ್ ಆರ್ನಾಲ್ಡ್ ಎಂಬವರನ್ನು ಮುಖ್ಯೋಪಾಧ್ಯಾಯರನ್ನಾಗಿ ಆರಿಸಿದರು. 1795ರಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡದಲ್ಲಿ ಓದಿ, ಥೇಮ್ಸ್ ನದಿಯ ದಂಡೆಯ ಲೇಲ್ಹಮ್ ಎಂಬ ಊರಲ್ಲಿ ಕೆಲವೇ ಹುಡುಗರಿಗೆ ಮನೆಯಲ್ಲಿ ಪಾಠ ಹೇಳಿಕೊಂಡಿದ್ದರು. ಈತನನ್ನು ಆರಿಸಿದರೆ ಇಡಿಯ ಇಂಗ್ಲಂಡಿನ ಶಾಲೆಗಳ ಮುಖವೇ ಬದಲಾಗುವದೆಂದು ಆಕ್ಸ್‌ಫರ್ಡದ ವಿದ್ವಾಂಸ ಹಾಕಿನ್ಸ್ ಎಂಬವರು ಟ್ರಸ್ಟಿಗಳಿಗೆ ಬರೆದಿದ್ದರು. 1828ರ ಆಗಸ್ಟದಲ್ಲಿ ಆರ್ನಾಲ್ಡರು ಅಧಿಕಾರ ವಹಿಸಿಕೊಂಡು ಹದಿನಾಲ್ಕು ವರ್ಷಗಳ ವರೆಗೆ ಆ ಪೀಠದಲ್ಲಿದ್ದರು.

ಅವರು ಮಾಡಿದ ಮುಖ್ಯ ಕಾರ್ಯವು ಹೊಸ ಪಾಠಗಳನ್ನು ತಂದುದಲ್ಲ. ಗಣಿತ, ಆಧುನಿಕ ಇತಿಹಾಸ, ಫ್ರೆಂಚ್ ಮುಂತಾದವುಗಳಿಗೆ ಅವರು ಸ್ಥಾನ ಕೊಟ್ಟರಾದರೂ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳೇ ಶಿಕ್ಷಣದ ತಿರುಳಾಗಿ ಉಳಿದವು. ಅವರು ಮಾಡಿದುದು ಅಧಿಕಾರವನ್ನು ಹಂಚುವ ಕೆಲಸ. ಮೇಲಿನ ತರಗತಿಯಾದ ಆರನೆಯ ತರಗತಿಯ ಹುಡುಗರನ್ನು ಹತ್ತಿರಕ್ಕೆ ತೆಗೆದುಕೊಂಡು, ಶಾಲೆಯ ಶೀಲವು ಅವರ ಕೈಯಲ್ಲಿದೆಯೆಂದು ಹೇಳಿ, ಹಾಗೆಯೇ ನಂಬಿದರು. ಆ ಹುಡುಗರು ತಮ್ಮನ್ನು ಬಂದು ಕಾಣಬಹುದಾದ ವೇಳೆಯನ್ನು ತಿಳಿಸಲು ಅವರ ಕೋಣೆಯ ಗೋಪುರದ ಮೇಲೆ ಧ್ವಜವನ್ನು ಏರಿಸುತ್ತಿದ್ದರು. ವಿದ್ಯಾರ್ಥಿಗಳ ವಾಸದ ಮನೆಗಳನ್ನು ಮೊದಲು ಬಾಡಿಗೆಗೆ ನಡೆಸುತ್ತಿದ್ದವರ ಕೈಯಿಂದ ಬಿಡಿಸಿ ಒಂದೊಂದನ್ನು ಒಬ್ಬೊಬ್ಬ ಉಪಾಧ್ಯಾಯರಿಗೆ ವಹಿಸಿದರು. ಉಪಾಧ್ಯಾಯರ ಸಂಬಳವನ್ನು ಹೆಚ್ಚಿಸಿ, ಅವರನ್ನು ಕೂಡಿಸಿ ಆಲೋಚಿಸುವ ಪದ್ಧತಿಯನ್ನಿಟ್ಟರು. 1831ರಿಂದ ಪ್ರಾರ್ಥನಾಮಂದಿರದ ಧರ್ಮೋಪದೇಶವನ್ನೂ ತಾವೇ ಕೈಕೊಂಡರು. ಹುಡುಗರ ಸಂಖ್ಯೆ ಮುನ್ನೂರೇ ಇರಲಿ, ಐವತ್ತೇ ಇರಲಿ, ಅದು ಮುಖ್ಯವಲ್ಲ. ಇರುವವರು ಸಚ್ಚರಿತರಾಗಿರಬೇಕೆಂಬುದು ಅವರ ನಿಶ್ಚಯವಾಗಿತ್ತು.

ಅವರು ದೋಷರಹಿತರಾಗಿದ್ದರೆಂದು ಹೇಳಲಾಗದು. ಬೆತ್ತವು ಅವರ ಕಾಲದಲ್ಲಿಯೂ ಉಳಿದಿತ್ತು. ಒಮ್ಮೆ ಒಬ್ಬ ಹುಡುಗನು ಸುಳ್ಳಾಡಿದನೆಂದು ಬಗೆದು ಅವನನ್ನು ಕಠೋರವಾಗಿ ಹೊಡೆದು, ಅನಂತರ ಅವನಾಡಿದುದು ನಿಜವೆಂದು ತಿಳಿದುಬರಲು ಕ್ಷಮೆ ಬೇಡಿದರು. ಇನ್ನೊಂದು ದೋಷವು ಇದಕ್ಕಿಂತ ದೊಡ್ಡದು. ಕೆಳಗಿನ ತರಗತಿಗಳನ್ನು ಅವರು ಕ್ಷೀಣವಾಗಗೊಟ್ಟುದರಿಂದ ಮನೆಯಲ್ಲಿ ಮೊದಲ ಪಾಠ ಹೇಳಿಸುವ ಅನುಕೂಲವಿಲ್ಲದ ಊರಿನ ವ್ಯಾಪಾರಿಗಳ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದಂತಾಯಿತು. ಊರವರು ದಾವೆ ಹೂಡಿದರು. 1839ರಲ್ಲಿ ನ್ಯಾಯಾಲಯವು ಅವರ ದೂರು ನ್ಯಾಯವಾದುದೆಂದು ತೀರ್ಪು ಕೊಟ್ಟಿತು. ಕಿರಾಣಿ ಅಂಗಡಿಯ ಶೆರಿಫನು ಯಾರಿಗಾಗಿ ಹೊಲ ಬಿಟ್ಟಿದ್ದನೋ ಅವರೇ ಹೊರಗುಳಿದರೆಂಬುದು ಆ ಶಾಲೆಯ ಕೀರ್ತಿಯ ನಡುವೆ ಉಳಿದ ಕಲೆಯಾಗಿದೆ.

1842ರ ಜೂನ್ 11ನೆಯ ತಾರೀಖು, ಶನಿವಾರ. ಅರ್ಧವರ್ಷದ ಪಾಠಗಳು ಮುಗಿದು ಹುಡುಗರು ಊರಿಗೆ ಹೊರಡುವ ಸಂಭ್ರಮದಲ್ಲಿದ್ದರು. ಅಂದು ರಾತ್ರಿ ಆರ್ನಾಲ್ಡರು ಆರನೆಯ ತರಗತಿಯ ಕೆಲವು ಹುಡುಗರನ್ನು ಕರೆದು ಅವರೊಡನೆ ಊಟಮಾಡಿದರು. ರವಿವಾರ ನಸುಕಿನಲ್ಲಿ ಅವರಿಗೆ ಎದೆನೋವು ಕಾಣಿಸಿತು. ಕೆಲವು ತಾಸುಗಳಲ್ಲಿಯೇ ಪ್ರಾಣವು ಹೋಯಿತು. ಮರುದಿನ ಅವರಿಗೆ 47 ವರ್ಷ ತುಂಬುವದಿತ್ತು. ಅವರು ಉಪದೇಶಿಸುತ್ತಿದ್ದ ಪ್ರಾರ್ಥನಾಮಂದಿರದಲ್ಲಿಯೇ ಅವರನ್ನು ಮಣ್ಣುಮಾಡಲಾಯಿತು. ಶಾಲೆಯೆಂದರೆ ಆರ್ನಾಲ್ಡರು, ಆರ್ನಾಲ್ಡರೆಂದರೆ ಶಾಲೆ ಎಂದು ಜನರು ತಿಳಿದಿದ್ದ ಕಾಲವದು. ಆ ಪೀಠವನ್ನು ಏರುವವರಾರು?

ಜುಲೈ ತಿಂಗಳ ಕೊನೆಯಲ್ಲಿ ಟ್ರಸ್ಟಿಗಳು ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್ ಟೇಟ್ ಎಂಬವರನ್ನು ಆರಿಸಿದರು. ವಯಸ್ಸು ಕೇವಲ ಮೂವತ್ತು. ಅವರು ರಗ್ಬಿಯಲ್ಲಿ ಕಲಿತವರಲ್ಲ, ಇಂಗ್ಲಂಡದವರೂ ಅಲ್ಲ. ಸ್ಕಾಟ್‌ಲಂಡದ ಎಡಿನ್‌ಬರೋದಲ್ಲಿ ಹುಟ್ಟಿ, ಬೇರೆ ಪಂಥದ ಮನೆತನದಲ್ಲಿ ಬೆಳೆದು, ಆಕ್ಸ್‌ಫರ್ಡದ ಬೇಲಿಯಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದವರು. ಗ್ರೀಕ್ ಲ್ಯಾಟಿನ್ ಭಾಷೆಗಳ ನುಡಿಸೊಬಗಿನಲ್ಲಿ ಅವರು ಅಷ್ಟೊಂದು ನಿಪುಣರಲ್ಲವೆಂಬ ಮಾತೂ ಇತ್ತು. ಆರ್ನಾಲ್ಡರ ಪ್ರಿಯಶಿಷ್ಯರಾದ ಸ್ಟ್ಯಾನ್ಲಿಯವರು ಬೇಲಿಯಲ್ಲದಲ್ಲಿ ಟೇಟರ ಕೈಕೆಳಗೂ ಓದಿದ್ದರು. ಹಳೆಯ ಗುರುಗಳ ಜಾಗದಲ್ಲಿ ಹೊಸ ಗುರುಗಳನ್ನು ಕಲ್ಪಿಸಿಕೊಳ್ಳುವದು ಅಂಥವರಿಗೂ ಸುಲಭವಾಗಿರಲಿಲ್ಲ.

ಟೇಟರು ಬಂದು ಮಾಡಿದುದೇನು? ಹೊರಗಣ್ಣಿಗೆ ಕಾಣುವಂಥದು ವಿಶೇಷವೇನೂ ಇಲ್ಲ. ಅವರ ದೊಡ್ಡತನವು ಅಲ್ಲಿಯೇ ಇದೆ. ಆರ್ನಾಲ್ಡರು ಆರಿಸಿ ನಿಲ್ಲಿಸಿದ ಉಪಾಧ್ಯಾಯರೊಡನೆಯೇ ಕೆಲಸ ಸಾಗಿಸಿದರು. ವಾಸದ ಮನೆಗಳ ವ್ಯವಸ್ಥೆಯನ್ನು ಅಲುಗಿಸಲಿಲ್ಲ. ಆರನೆಯ ತರಗತಿಯ ಮೇಲೆ ಹಿಂದಿನವರು ಇಟ್ಟ ನಂಬುಗೆಯನ್ನು ತಾವೂ ಇಟ್ಟರು. ಆರ್ನಾಲ್ಡರ ಧ್ವನಿಯನ್ನಾಗಲಿ ನಡೆಯನ್ನಾಗಲಿ ಅನುಕರಿಸಲು ಹೋಗಲಿಲ್ಲ, ಅಳಿಸಲೂ ಹೋಗಲಿಲ್ಲ. 1843ರಲ್ಲಿ ಅವರ ಕೈಹಿಡಿದ ಕ್ಯಾಥರಿನ್ ಎಂಬ ಸಾಧ್ವಿಯು ಶಾಲೆಯ ಲೆಕ್ಕಪತ್ರಗಳನ್ನು ತಾನೇ ನೋಡಿಕೊಂಡು ಪತಿಯ ಭಾರವನ್ನು ಹಗುರಮಾಡಿದಳು. ಹುಡುಗರ ಸಂಖ್ಯೆ ಕಡಿಮೆಯಾಗುವದರ ಬದಲು ಹೆಚ್ಚಿತು. 1848ರಲ್ಲಿ ಟೇಟರು ಸಂಧಿವಾತಜ್ವರದಿಂದ ಮರಣದ ಬಾಗಿಲವರೆಗೆ ಹೋಗಿಬಂದರು. ಮುಂದೆ ಕಾರ್ಲೈಲ್ ಊರಿನ ಧರ್ಮಾಧಿಕಾರವನ್ನು ಒಪ್ಪಿ ಶಾಲೆಯನ್ನು ಬಿಟ್ಟರು. 1868ರಲ್ಲಿ ಅವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ಪರಾದರು. ಎಂದರೆ ಇಂಗ್ಲಂಡಿನ ಧರ್ಮಸಂಸ್ಥೆಯ ಅತ್ಯುನ್ನತ ಗುರುಸ್ಥಾನವನ್ನು ಏರಿದರು.

ಆರ್ನಾಲ್ಡರ ಕೆಲಸವು ಉಳಿದುದು ಅವರ ಮರಣಾನಂತರವೇ ಸಿದ್ಧವಾಯಿತು. ಸ್ಟ್ಯಾನ್ಲಿಯವರು 1844ರಲ್ಲಿ ಗುರುಗಳ ಜೀವನಚರಿತ್ರೆಯನ್ನು ಪ್ರಕಟಿಸಿದರು. ಅದೇ ವರ್ಷ ಇನ್ನೊಬ್ಬ ಶಿಷ್ಯರಾದ ವಾನ್ ಎಂಬವರು ಬಹಳ ಇಳಿದುಹೋಗಿದ್ದ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯರಾಗಿ ಅದನ್ನು ಎತ್ತಿದರು. ಇವರೆಲ್ಲರಿಗಿಂತಲೂ ಕನ್ನಡ ನಾಡಿಗೆ ಹತ್ತಿರದ ಹೆಸರು ಜಾರ್ಜ್ ಕಾಟನ್ನರದು. 1837ರಲ್ಲಿ ಆರ್ನಾಲ್ಡರ ಕೈಕೆಳಗೆ ಉಪಾಧ್ಯಾಯರಾಗಿ ಬಂದ ಅವರು ಟೇಟರ ಕಾಲವನ್ನೆಲ್ಲ ಅಲ್ಲಿಯೇ ಕಳೆದರು. 1852ರಲ್ಲಿ ಮಾರ್ಲ್‌ಬರೋ ಶಾಲೆಗೆ ಮುಖ್ಯಸ್ಥರಾಗಿ ಹೋಗಿ, 1858ರಲ್ಲಿ ಕಲಕತ್ತೆಯ ಬಿಷಪ್ಪರಾಗಿ ಹಿಂದುಸ್ಥಾನಕ್ಕೆ ಬಂದರು. 1866ರಲ್ಲಿ ಬಂಗಾಲದ ಕುಷ್ಟಿಯಾದ ಬಳಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಸಿಮ್ಲೆಯ ಶಾಲೆಯೂ 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಶಾಲೆಯೂ ಬಿಷಪ್ ಕಾಟನ್ನರ ಹೆಸರನ್ನೇ ಹೊತ್ತಿವೆ. ಒಬ್ಬ ಗುರು ತನ್ನ ಸಹಾಯಕರಲ್ಲಿ ಬಿತ್ತಿದ ಬೀಜವು ಎಲ್ಲೆಲ್ಲಿ ಮೊಳೆಯುವದೆಂಬುದನ್ನು ಆತನು ತಾನೇ ಅರಿಯನು.

ಟೇಟರ ತರುವಾಯ ಬಂದ ಗೌಲ್‌ಬರ್ನರ ಕಾಲದಲ್ಲಿ ಹುಡುಗರ ಸಂಖ್ಯೆ ಇಳಿಯಿತು. 1858ರಲ್ಲಿ ಬಂದ ಫ್ರೆಡರಿಕ್ ಟೆಂಪಲ್ಲರು ಅದನ್ನು ಮತ್ತೆ ಮೇಲಕ್ಕೆತ್ತಿದರು. ಅವರು 1869ರಲ್ಲಿ ಎಕ್ಸಿಟರಿನ ಬಿಷಪ್ಪರಾಗಿ ನೇಮಕವಾಗಲು ಪೀಠವು ಮತ್ತೊಮ್ಮೆ ತೆರವಾಯಿತು. ಈ ಸಲ ಪರಿಸ್ಥಿತಿಯು ಬೇರೆಯಾಗಿತ್ತು. ಹಿಂದಿನ ವರ್ಷವೇ ಪಾರ್ಲಿಮೆಂಟು ಒಂದು ಕಾಯಿದೆಯನ್ನು ಮಾಡಿ ಇಂಥ ಶಾಲೆಗಳಿಗೆ ಹೊಸ ಆಡಳಿತಮಂಡಲಿಗಳನ್ನು ವಿಧಿಸಿತ್ತು. ಹಳೆಯ ಟ್ರಸ್ಟಿಗಳ ಅಧಿಕಾರವು ಮುಗಿಯುವದರಲ್ಲಿತ್ತು. ಹೋಗುತ್ತಿದ್ದ ಆ ಟ್ರಸ್ಟಿಗಳು ನವೆಂಬರದಲ್ಲಿ ಹೆನ್ರಿ ಹೇಮನ್ ಎಂಬವರನ್ನು ಆರಿಸಿದರು.

ಹೇಮನ್ನರು ಹೋಮರ ಮಹಾಕವಿಯ ಒಡಿಸ್ಸಿಯನ್ನು ಸಂಪಾದಿಸುತ್ತಿದ್ದ ಗ್ರೀಕ್ ಪಂಡಿತರು. ಅನ್ಯ ಶಾಲೆಗಳ ಮುಖ್ಯಸ್ಥರಾಗಿ ಅನುಭವ ಪಡೆದವರು. ಆದರೆ ಅವರು ಸಲ್ಲಿಸಿದ ಪ್ರಶಂಸಾಪತ್ರಗಳಲ್ಲಿ ಕೆಲವನ್ನು ಮೊದಲು ಬೇರೆ ಸ್ಥಾನಗಳಿಗಾಗಿ ಬರೆದುಕೊಟ್ಟಿದ್ದು, ಬರೆದವರ ಅನುಮತಿಯಿಲ್ಲದೆ ಅವುಗಳನ್ನು ಇಲ್ಲಿ ಬಳಸಲಾಗಿದೆಯೆಂಬ ಆಕ್ಷೇಪವು ಹೊರಟಿತು. ಅವರು ಶಾಲೆಯೊಳಗೆ ಕಾಲಿಡುವ ಮೊದಲೇ ಸಹಾಯಕ ಉಪಾಧ್ಯಾಯರಲ್ಲಿ ಬಹುಮಂದಿ ವಿರೋಧವಾಗಿ ನಿಂತರು. ಮುಂದಿನ ನಾಲ್ಕು ವರ್ಷಗಳು ಕಲಹದಲ್ಲಿಯೇ ಕಳೆದವು. ಹೊಸ ಆಡಳಿತಮಂಡಲಿಯಲ್ಲಿ ಹಿಂದಿನ ಮುಖ್ಯಸ್ಥರಾದ ಟೆಂಪಲ್ಲರೂ ಒಬ್ಬ ಸದಸ್ಯರಾಗಿದ್ದರು. ಹೀಗೆ ಹೊಸಬರ ನಡೆಯನ್ನು ತೂಗುವ ತಕ್ಕಡಿಯು ಹಳಬರ ಕೈಯಲ್ಲಿಯೂ ಇತ್ತು. ತಂದೆತಾಯಿಗಳು ಮಕ್ಕಳನ್ನು ಕಳಿಸಲು ಹಿಂಜರಿದರು. 1873ರ ಡಿಸೆಂಬರದಲ್ಲಿ ಮಂಡಲಿಯು ಹೇಮನ್ನರನ್ನು ಕೆಲಸದಿಂದ ತೆಗೆಯಿತು. ಅವರು ನ್ಯಾಯಾಲಯಕ್ಕೆ ಹೋದರು. 1874ರಲ್ಲಿ ನ್ಯಾಯಾಧೀಶರು ಮಂಡಲಿಯ ಅಧಿಕಾರದಲ್ಲಿ ಕೈಹಾಕಲು ಒಪ್ಪಲಿಲ್ಲ. ಅದೇ ವರ್ಷ ಪೀಠಕ್ಕೆ ಬಂದ ಜೆಕ್ಸ್-ಬ್ಲೇಕರು ಆ ಶಾಲೆಯಲ್ಲಿಯೇ ಕಲಿತು, ಅಲ್ಲಿಯೇ ಉಪಾಧ್ಯಾಯರಾಗಿದ್ದವರು. ಅವರ ಕಾಲದಲ್ಲಿ ಗಾಯವು ಮೆಲ್ಲಮೆಲ್ಲನೆ ಮಾಯಿತು.

ಈ ಎರಡು ಸಂದರ್ಭಗಳನ್ನು ಎದುರುಬದುರಾಗಿಟ್ಟು ನೋಡಿದರೆ ಸಾಮಾನ್ಯ ಅಭಿಪ್ರಾಯಗಳು ಅನೇಕ ನಿಲ್ಲುವದಿಲ್ಲ. ಉತ್ತರಾಧಿಕಾರಿಯು ಒಳಗಿನವನೇ ಆಗಿರಬೇಕೆಂದು ಹೇಳುವವರುಂಟು. ಟೇಟರೂ ಹೊರಗಿನವರು, ಹೇಮನ್ನರೂ ಹೊರಗಿನವರು. ಪಾಂಡಿತ್ಯವೇ ಪ್ರಧಾನವೆನ್ನುವವರುಂಟು, ಗ್ರೀಕ್ ವಿದ್ಯೆಯಲ್ಲಿ ಹೇಮನ್ನರ ಕೈಯೇ ಮೇಲಾಗಿತ್ತು. ಮಹಾಪುರುಷನ ಬೆನ್ನಿಗೆ ಬಂದವನು ಸೋಲಲೇಬೇಕೆನ್ನುವವರುಂಟು. ಆರ್ನಾಲ್ಡರಿಗಿಂತ ದೊಡ್ಡ ಹೆಸರು ಆ ಪೀಠದಲ್ಲಿ ಮತ್ತೊಂದಿರಲಿಲ್ಲ, ಆದರೂ ಟೇಟರು ಸೋಲಲಿಲ್ಲ. ವ್ಯತ್ಯಾಸವಿದ್ದುದು ಪೀಠಕ್ಕೆ ಬರುವ ದಾರಿಯಲ್ಲಿ, ಮತ್ತು ಪೀಠದ ಸುತ್ತಲಿನವರ ಮನಸ್ಸಿನಲ್ಲಿ. 1842ರಲ್ಲಿ ಆಯ್ಕೆಯ ಬಗೆಗೆ ಅಳುಕಿತ್ತು, ಆದರೆ ಅವಿಶ್ವಾಸವಿರಲಿಲ್ಲ; ಉಪಾಧ್ಯಾಯರು ಹಳೆಯ ಗುರುವಿನ ಮೇಲಿನ ಭಕ್ತಿಯನ್ನು ಹೊಸ ಗುರುವಿನ ಸೇವೆಯಾಗಿ ಮಾರ್ಪಡಿಸಿಕೊಂಡರು. 1869ರಲ್ಲಿ ಅದೇ ಭಕ್ತಿಯು ಹೊಸಬರಿಗೆ ಎದುರಾಗಿ ಹಿಡಿದ ಗುರಾಣಿಯಾಯಿತು. ದೋಷವೆಲ್ಲವೂ ಹೇಮನ್ನರದೆಂದು ಹೇಳುವದು ನ್ಯಾಯವಲ್ಲ. ಮುಳುಗುವ ಅಧಿಕಾರದ ಕೊನೆಯ ಗಳಿಗೆಯಲ್ಲಿ ಆರಿಸಿದವರೂ, ಬರುವ ಮೊದಲೇ ಬಾಗಿಲಿಕ್ಕಿದವರೂ, ಬಿಟ್ಟುಹೋದ ಪೀಠದ ಮೇಲೆ ಕಣ್ಣಿಟ್ಟು ಕುಳಿತವರೂ ಅದರಲ್ಲಿ ಪಾಲುಗಾರರೇ. ಹಿರಿಯರ ಮೇಲಿನ ಪ್ರೀತಿಯಿಂದಲೇ ಹಿರಿಯರ ಸಂಸ್ಥೆಯನ್ನು ಕೆಡಿಸುವದು ಸಾಧ್ಯವೆಂಬುದು ಭಕ್ತರಾದವರು ಮರೆಯಬಾರದ ಪಾಠವಾಗಿದೆ.

ಊರಿನ ಹುಡುಗರ ಕಥೆಯು ಒಂದು ಉಳಿದಿದೆ. ಕಿರಾಣಿ ವ್ಯಾಪಾರಿಯ ಮೊದಲಿನ ಸಂಕಲ್ಪವನ್ನು ಆರ್ನಾಲ್ಡರಾಗಲಿ ಟೇಟರಾಗಲಿ ಪೂರೈಸಲಿಲ್ಲ. ಕಲಹದ ವರ್ಷಗಳು ಕಳೆದು ಶಾಲೆಯು ಶಾಂತವಾದ ಮೇಲೆ, 1878ರಲ್ಲಿ, ರಗ್ಬಿಯ ಹುಡುಗರಿಗಾಗಿಯೇ ಬೇರೊಂದು ಶಾಲೆಯು ತೆರೆಯಿತು. ಅದಕ್ಕೆ ಲಾರೆನ್ಸ್ ಶೆರಿಫನ ಹೆಸರನ್ನಿಟ್ಟರು. ಅವನು ಹೊಲ ಬಿಟ್ಟು ಆಗ 311 ವರ್ಷಗಳಾಗಿದ್ದವು. ಗುರುಗಳು ಬರುವರು, ಹೋಗುವರು. ಪೀಠಗಳು ತುಂಬುವವು, ತೆರವಾಗುವವು. ದಾನಿಯು ಯಾರ ಹಸಿವೆಯನ್ನು ನೆನೆದು ಕೊಟ್ಟನೆಂಬುದನ್ನು ಪ್ರತಿಯೊಂದು ಹೊಸ ಕೈಯೂ ಹಳೆಯ ಕೈಯಿಂದ ಕೇಳಿಕೊಳ್ಳಬೇಕು. ಅದನ್ನು ಕೇಳಿ ನಡೆದ ಸಂಸ್ಥೆಯೇ ಉತ್ಸವಗಳನ್ನು ಆಚರಿಸಲು ಅರ್ಹವಾಗುವದು.