ದೊಡ್ಡ ಕರುಳಿನ ಪಾಲಿಪ್‌ಗಳು: ಸಾರ್ವಜನಿಕರ ಮಾಹಿತಿಗಾಗಿ

1. ಪಾಲಿಪ್ ಎಂದರೇನು?
ದೊಡ್ಡ ಕರುಳಿನ ಒಳಪದರದಲ್ಲಿ ಉಂಟಾಗುವ ಚಿಕ್ಕ ಗಂಟಿನಂತಹ ಬೆಳವಣಿಗೆಯನ್ನು ಪಾಲಿಪ್ ಎಂದು ಕರೆಯಲಾಗುತ್ತದೆ. ಕೆಲವು ಅಣಬೆಯಂತೆ ತೊಟ್ಟನ್ನು ಹೊಂದಿರುತ್ತವೆ, ಕೆಲವು ಚಪ್ಪಟೆಯಾಗಿರುತ್ತವೆ. ಬಹುಪಾಲು ಪಾಲಿಪ್‌ಗಳು 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಗಾತ್ರದವು. ಇವು ಸಾಮಾನ್ಯವಾಗಿ ನೋವನ್ನು ಉಂಟುಮಾಡುವುದಿಲ್ಲ. ಆದುದರಿಂದ ಅನೇಕರಿಗೆ ತಮ್ಮಲ್ಲಿ ಪಾಲಿಪ್ ಇರುವುದು ತಿಳಿದಿರುವುದಿಲ್ಲ.

2. ಆರೋಗ್ಯವಂತರಲ್ಲಿ ಇವು ಎಷ್ಟು ಸಾಮಾನ್ಯ?
ಕ್ಯಾನ್ಸರ್ ಆಗಿ ಪರಿವರ್ತನೆ ಹೊಂದಬಹುದಾದ ಮುಖ್ಯ ಬಗೆಯ ಪಾಲಿಪ್‌ಗೆ ಅಡಿನೋಮ ಎಂದು ಹೆಸರು. ಅಮೆರಿಕದ ತಜ್ಞ ವೈದ್ಯರ ಸಂಘಗಳು 2015ರಲ್ಲಿ ಪ್ರಕಟಿಸಿದ ಮಾನದಂಡದಂತೆ, 50 ವರ್ಷ ಮೇಲ್ಪಟ್ಟ, ಯಾವುದೇ ರೋಗಲಕ್ಷಣಗಳಿಲ್ಲದ ವ್ಯಕ್ತಿಗಳಿಗೆ ಕೊಲೊನೋಸ್ಕೋಪಿ ನಡೆಸುವ ವೈದ್ಯರು 100 ಪುರುಷರ ಪೈಕಿ ಕನಿಷ್ಠ 30 ಹಾಗೂ 100 ಮಹಿಳೆಯರ ಪೈಕಿ ಕನಿಷ್ಠ 20 ಮಂದಿಯಲ್ಲಿ ಅಡಿನೋಮವನ್ನು ಪತ್ತೆಹಚ್ಚಬೇಕಿತ್ತು. ಅಂದರೆ ಅಲ್ಲಿ ಕನಿಷ್ಠ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇವು ಕಂಡುಬರುವುದು ಆಗ ನಿರೀಕ್ಷಿತವಾಗಿತ್ತು. ಭಾರತದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಪ್ರಮಾಣವು ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆಯಿರುವುದರಿಂದ ಈ ಅಂಕಿಗಳನ್ನು ಇಲ್ಲಿಗೆ ಯಥಾವತ್ತಾಗಿ ಅನ್ವಯಿಸಲಾಗದು.

ವಯಸ್ಸು ಹೆಚ್ಚಿದಂತೆ ಪಾಲಿಪ್‌ಗಳ ಸಾಧ್ಯತೆ ಹೆಚ್ಚುತ್ತದೆ. ಧೂಮಪಾನ, ಮದ್ಯಪಾನ ಹಾಗೂ ಬೊಜ್ಜು ಇತರೆ ಕಾರಣಗಳಾಗಿವೆ.

3. ಪಾಲಿಪ್ ಎಂದರೆ ಕ್ಯಾನ್ಸರ್ ಎಂದೇ?
ಅಲ್ಲ. ಅಡಿನೋಮಗಳಲ್ಲಿ ಕೆಲವು ಮಾತ್ರ ಕ್ಯಾನ್ಸರ್ ಆಗುತ್ತವೆ. ಅದಕ್ಕೂ ಸಾಮಾನ್ಯವಾಗಿ 10 ವರ್ಷ ಅಥವಾ ಹೆಚ್ಚು ಅವಧಿ ಹಿಡಿಯುತ್ತದೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಪಾಲಿಪ್‌ನಿಂದಲೇ ಆರಂಭವಾಗುವುದರಿಂದ ನಿರ್ಲಕ್ಷ್ಯ ಸಲ್ಲದು. 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಪಾಲಿಪ್‌ಗಳಲ್ಲಿ ಅಪಾಯ ಅಧಿಕ. ಹೆಚ್ಚಿನ ಪಾಲಿಪ್‌ಗಳನ್ನು ಕೊಲೊನೋಸ್ಕೋಪಿ ಸಮಯದಲ್ಲಿಯೇ, ಹೊಟ್ಟೆ ಕೊಯ್ಯದೆ, ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತದೆ. ಮುಂದಿನ ತಪಾಸಣೆಯ ಅವಧಿಯನ್ನು ಪಾಲಿಪ್‌ಗಳ ಸಂಖ್ಯೆ, ಗಾತ್ರ ಮತ್ತು ಬಗೆಯನ್ನು ಆಧರಿಸಿ ವೈದ್ಯರು ನಿರ್ಧರಿಸುತ್ತಾರೆ. ಆದ್ದರಿಂದ ಪ್ರಯೋಗಾಲಯದ ವರದಿಯನ್ನು ತಪ್ಪದೆ ಪಡೆದು ಕಾಯ್ದಿರಿಸಿಕೊಳ್ಳತಕ್ಕದ್ದು.

4. ಯಾರು ವೈದ್ಯರನ್ನು ಕಾಣಬೇಕು?
(ಅ) ಮಲದಲ್ಲಿ ರಕ್ತ ಕಂಡವರು. ಇದು ಮೂಲವ್ಯಾಧಿಯೇ ಇರಬಹುದೆಂದು ತಾವಾಗಿಯೇ ಭಾವಿಸಿ ಸುಮ್ಮನಿರಬಾರದು.
(ಆ) ಮಲವಿಸರ್ಜನೆಯ ಕ್ರಮದಲ್ಲಿ ಹಲವು ವಾರಗಳಿಂದ ಬದಲಾವಣೆ, ಕಾರಣವಿಲ್ಲದ ರಕ್ತಹೀನತೆ ಅಥವಾ ತೂಕ ಇಳಿಕೆ ಇರುವವರು.
(ಇ) ತಂದೆ, ತಾಯಿ, ಸಹೋದರ, ಸಹೋದರಿ ಅಥವಾ ಮಕ್ಕಳಿಗೆ ಈ ಕ್ಯಾನ್ಸರ್ ಬಂದಿರುವವರು. ಇಂತಹವರು 40ನೇ ವಯಸ್ಸಿನಲ್ಲಿ, ಅಥವಾ ಬಂಧುವಿಗೆ ರೋಗ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗ ತಪಾಸಣೆ ಆರಂಭಿಸುವಂತೆ ತಜ್ಞರು ಸಲಹೆ ನೀಡುತ್ತಾರೆ.

5. ವಿಶೇಷ ಸೂಚನೆ
ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯನ್ವಯ ನಡೆಸುವ ಸಾಮೂಹಿಕ ಕ್ಯಾನ್ಸರ್ ತಪಾಸಣೆಯು ಬಾಯಿ, ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್‌ಗಳಿಗೆ ಸಂಬಂಧಿಸಿದ್ದಾಗಿದೆ. ಈ ತಪಾಸಣೆಯಲ್ಲಿ ತೊಂದರೆಯಿಲ್ಲವೆಂದು ತಿಳಿದುಬಂದ ಮಾತ್ರಕ್ಕೆ ದೊಡ್ಡ ಕರುಳಿನ ಪರೀಕ್ಷೆಯೂ ಆಗಿದೆ ಎಂದು ಅರ್ಥವಲ್ಲ. ಮೇಲ್ಕಂಡ ಲಕ್ಷಣಗಳಿರುವವರು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಸ್ವತಃ ಸಂಪರ್ಕಿಸಿ, ಕುಟುಂಬದ ಕಾಯಿಲೆಯ ವಿವರಗಳನ್ನು ತಿಳಿಸಬೇಕಾಗಿ ಕೋರಲಾಗಿದೆ.