ಆಯಿಲ್ ಪ್ರೆಶರ್ ಗೇಜ್ ದೋಷ: ಷೆವ್ರೊಲೆ ಸಿಲ್ವರಾಡೊ
ಗಾಡಿ ಓಡುವಾಗ ಆಯಿಲ್ ಪ್ರೆಶರ್ ಗೇಜಿನ ಮುಳ್ಳು ಸೊನ್ನೆಗೆ ಬಿದ್ದರೆ ಮೊದಲು ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಗೇಜ್ ಕೆಟ್ಟಿರಬಹುದೆಂಬ ಊಹೆ ಆಮೇಲಿನದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಸರಿಯಿದ್ದರಷ್ಟೇ ಮುಂದಿನ ಹುಡುಕಾಟ.

ಅಮೆರಿಕದ ಸಿಲ್ವರಾಡೊ ಪಿಕಪ್‌ನ 2003–06ರ ಮಾದರಿಗಳಲ್ಲಿ ಮುಳ್ಳು ತಿರುಗಿಸುವ ಪುಟ್ಟ ಸ್ಟೆಪ್ಪರ್ ಮೋಟಾರುಗಳೇ ಕೆಡುವುದುಂಟು. ಆಗ ಸ್ಪೀಡೋಮೀಟರಿನ ಮುಳ್ಳೂ ಅಡ್ಡಾದಿಡ್ಡಿಯಾಗಿ ಆಡಬಹುದು. ದೋಷ ಆಯಿಲ್ ಪ್ರೆಶರ್ ಸೆನ್ಸರಿನಲ್ಲೂ ಇರಬಹುದು. 5.3 ಲೀಟರ್ ವಿ8 ಎಂಜಿನ್ನಿನಲ್ಲಿ ಅದು ಇರುವುದು ಹಿಂಬದಿಯಲ್ಲಿ, ಇನ್‌ಟೇಕ್ ಮ್ಯಾನಿಫೋಲ್ಡಿನ ಮರೆಯಲ್ಲಿ. ಕೈ ತೂರುವುದೇ ಕಷ್ಟ. ಕೆಲವು ಎಂಜಿನ್ನುಗಳಲ್ಲಿ ಸೆನ್ಸರಿನ ಕೆಳಗೊಂದು ಸಣ್ಣ ಜಾಲರಿಯೂ ಇದೆ. ಅದರಲ್ಲಿ ಜಿಡ್ಡು ಕಟ್ಟಿದರೆ, ಒತ್ತಡ ಸರಿಯಿದ್ದರೂ ಗೇಜ್ ಕಡಿಮೆ ತೋರಿಸುತ್ತದೆ. ಜಾಲರಿ ಮರೆತು ಬರೀ ಸೆನ್ಸರ್ ಬದಲಿಸಿದರೆ ದುಡ್ಡು ದಂಡ.

ಖಚಿತ ಉತ್ತರ ಕೊಡುವುದು ಮೆಕ್ಯಾನಿಕಲ್ ಗೇಜ್. ಜಾಲರಿಯಿದ್ದರೆ ತೆಗೆದು, ಸೆನ್ಸರಿನ ಜಾಗಕ್ಕೆ ಈ ಗೇಜನ್ನು ಜೋಡಿಸಿ ಅಳೆದಾಗ ಬಿಸಿ ಎಂಜಿನ್ 1000 ಆರ್‌ಪಿಎಂನಲ್ಲಿ ಕನಿಷ್ಠ 6, 2000ದಲ್ಲಿ 18 ಪಿಎಸ್‌ಐ ತೋರಿಸಬೇಕು. ಅಷ್ಟಿಲ್ಲದಿದ್ದರೆ ದೋಷ ಎಂಜಿನ್ನಿನದೇ. ಆಯಿಲ್ ಪಂಪು, ಬೇರಿಂಗುಗಳನ್ನು ಪರೀಕ್ಷಿಸದೆ ಗಾಡಿ ಓಡಿಸಬಾರದು.